ಹಿಪ್ಪುನೇರಳೆ ಬಿಲ್ಲಿಗೆ ಮನೆಯಲ್ಲೇ ಮರ ಒಣಗಿಸುವ ಬಗೆ

ಈ ವರ್ಷ ಸಂಕ್ರಾಂತಿ ಕಳೆದ ವಾರ ನಾನು ತೂಗಿಟ್ಟ ಹಿಪ್ಪುನೇರಳೆ ಸೀಳು 3,540 ಗ್ರಾಂ ಇತ್ತು. ಮೇ ತಿಂಗಳಲ್ಲಿ ಬಿಲ್ಲು ಕೆತ್ತಲು ಕೈಗೆತ್ತಿಕೊಂಡಾಗ 2,260 ಗ್ರಾಂ. ನಡುವೆ ಅದರಿಂದ ಒಂದು ಚಕ್ಕೆಯನ್ನೂ ತೆಗೆದಿರಲಿಲ್ಲ. ಹೋದ 1,280 ಗ್ರಾಂ ಅಷ್ಟೂ ನೀರು. ಒಂದೂಕಾಲು ಲೀಟರ್‌ಗಿಂತ ಜಾಸ್ತಿ! ಆ ನೀರು ಯಾವ ದಾರಿಯಲ್ಲಿ ಹೋಯಿತು, ಎಷ್ಟು ನಿಧಾನವಾಗಿ ಹೋಯಿತು ಅನ್ನುವುದರ ಮೇಲೆ ಬಿಲ್ಲಿನ ಹಣೆಬರಹ ನಿಂತಿರುತ್ತದೆ.

ಒಂದೇ ಮರದಿಂದ ಮಾಡುವ ಬಿಲ್ಲಿಗೆ ಉದ್ದಕ್ಕೆ ಸೀಳಿದ ತುಂಡು ಬೇಕು. ಅದನ್ನು ನಾನು ಇಲ್ಲಿ ಸೀಳು ಎಂದೇ ಕರೆಯುತ್ತೇನೆ. ನಾನು ಕಳೆದುಕೊಂಡ ಸೀಳುಗಳಲ್ಲಿ ಹೆಚ್ಚಿನವು ಕೆತ್ತುವಾಗ ಕೆಟ್ಟವಲ್ಲ, ಒಣಗುವಾಗಲೇ ಕೆಟ್ಟವು. ಹಾಗಾಗಿ ಈ ಬರಹ ಪೂರ್ತಿ ಒಣಗಿಸುವುದರ ಬಗ್ಗೆ.

ಎಷ್ಟು ಒಣಗಬೇಕು, ಯಾಕೆ

ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೊಳವೆಗಳ ಒಳಗಿನ ಖಾಲಿ ಜಾಗದಲ್ಲಿ ತುಂಬಿಕೊಂಡಿರುವ ನೀರು ಒಂದು. ಆ ಕೊಳವೆಗಳ ಗೋಡೆಯೊಳಗೆ ಹೀರಿಕೊಂಡು ಕೂತಿರುವ ನೀರು ಇನ್ನೊಂದು. ಮೊದಲು ಹೋಗುವುದು ಕೊಳವೆಯ ನೀರು. ಅದು ಹೋಗುವಾಗ ಮರ ಹಗುರವಾಗುತ್ತದೆ, ಆದರೆ ಕುಗ್ಗುವುದಿಲ್ಲ. ತೇವ ಶೇ. 28–30ಕ್ಕೆ ಇಳಿದ ಮೇಲೆ ಗೋಡೆಯ ನೀರಿನ ಸರದಿ. ಕುಗ್ಗುವುದು, ತಿರುಚುವುದು, ಬಿರುಕು ಬಿಡುವುದು ಎಲ್ಲ ಶುರುವಾಗುವುದು ಆಗ.

ಇಲ್ಲಿ ಶೇಕಡ ಅನ್ನುವುದನ್ನು ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಪೂರ್ತಿ ಒಣಗಿದಾಗ 100 ಗ್ರಾಂ ಇರುವ ಮರದಲ್ಲಿ 70 ಗ್ರಾಂ ನೀರಿದ್ದರೆ ಅದರ ತೇವ ಶೇ. 70.

ಬಿಲ್ಲಿಗೆ ಬೇಕಾದದ್ದು ಶೇ. 8ರಿಂದ 10. ಶೇ. 12 ದಾಟಿದರೆ ಬಿಲ್ಲು ಮುರಿಯುವುದಿಲ್ಲ, ಸೋಲುತ್ತದೆ. ಎಳೆದು ಬಿಟ್ಟ ಮೇಲೂ ಬಾಗಿದ್ದು ಬಾಗಿಯೇ ಉಳಿಯುತ್ತದೆ. ಹೊಟ್ಟೆಯ ಕಡೆ, ಅಂದರೆ ನಿಮ್ಮ ಮುಖಕ್ಕೆ ಎದುರಾದ ಕಡೆ, ಹಸಿ ನಾರುಗಳು ಒತ್ತಡಕ್ಕೆ ನಲುಗಿಬಿಡುತ್ತವೆ. ಒಮ್ಮೆ ನಲುಗಿದ್ದು ಆಮೇಲೆ ಎಷ್ಟೇ ಒಣಗಿಸಿದರೂ ನೆಟ್ಟಗಾಗದು. ಶೇ. 6ಕ್ಕಿಂತ ಕೆಳಗೆ ಹೋದರೆ ಮರ ಪೆಡಸಾಗುತ್ತದೆ. ಬೆನ್ನಿನ ಕಡೆ ಎಳೆತ ತಡೆಯದೆ ಪಟ್ ಅಂತ ಹೋಗುತ್ತದೆ.

ಮರ ತನ್ನ ಸುತ್ತಲಿನ ಗಾಳಿಗೆ ತಕ್ಕಷ್ಟು ನೀರು ಇಟ್ಟುಕೊಳ್ಳುತ್ತದೆ. ನಮ್ಮ ಊರುಗಳ ಬೆಚ್ಚಗಿನ ಗಾಳಿಯಲ್ಲಿ ತೇವಾಂಶ ಶೇ. 50 ಇದ್ದರೆ ಮರ ಸುಮಾರು ಶೇ. 9ಕ್ಕೆ ಬಂದು ನಿಲ್ಲುತ್ತದೆ. ಗಾಳಿ 65 ಇದ್ದರೆ ಮರ ಹನ್ನೊಂದೂವರೆ, ಗಾಳಿ 80 ಇದ್ದರೆ ಹದಿನೈದೂವರೆ, 90 ಇದ್ದರೆ 20. ಆಗಸ್ಟ್‌ನಲ್ಲಿ ಮಂಗಳೂರಿನ ವರಾಂಡದಲ್ಲಿ ಎರಡು ವರ್ಷ ಒಣಗಿದ ಸೀಳು ಕೂಡ ಬಿಲ್ಲಿಗೆ ಹಸಿಯೇ. ಅದೇ ಸೀಳು ಮಾರ್ಚ್‌ನಲ್ಲಿ ಕೋಲಾರಕ್ಕೆ ಬಂದರೆ ಕೆಲವೇ ವಾರಗಳಲ್ಲಿ ಸಿದ್ಧವಾಗುತ್ತದೆ. ಅದಕ್ಕೇ ಎಷ್ಟು ತಿಂಗಳು ಒಣಗಿಸಬೇಕು ಅಂತ ಯಾರಾದರೂ ಕೇಳಿದರೆ, ನಿಮ್ಮ ಮನೆಯ ಗಾಳಿಯ ತೇವಾಂಶ ಎಷ್ಟಿದೆ ಅಂತ ನಾನು ಮೊದಲು ಕೇಳುತ್ತೇನೆ. ಗಾಳಿಯ ತೇವಾಂಶ ತೋರಿಸುವ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮರ ಹುಡುಕುವ ಮೊದಲೇ ಅದನ್ನು ತಂದು ಗೋಡೆಗೆ ನೇತುಹಾಕಿ.

ಅಮೆರಿಕ, ಕೆನಡಾದಲ್ಲಿರುವವರಿಗೆ ತೊಂದರೆ ಉಲ್ಟಾ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಶೇ. 25ಕ್ಕೆ ಇಳಿದರೆ ಮರ ಶೇ. 5ರ ಹತ್ತಿರ ಹೋಗುತ್ತದೆ. ಅಲ್ಲಿ ಸೀಳನ್ನು ಹೀಟರ್‌ನಿಂದ ದೂರದ ತಣ್ಣನೆ ಕೋಣೆಯಲ್ಲಿಡಬೇಕು.

ಹಿಪ್ಪುನೇರಳೆಯೇ ಯಾಕೆ

ರೇಷ್ಮೆ ಸೀಮೆಯಲ್ಲಿ ಹಿಪ್ಪುನೇರಳೆ ಅಂದರೆ ಸೊಪ್ಪು. ಮರ ಅಂತ ಯಾರೂ ನೋಡುವುದಿಲ್ಲ. ಆದರೆ ಜಲಂಧರ್‌ನಲ್ಲಿ ಮರದ ಹಾಕಿ ಸ್ಟಿಕ್ ಮಾಡುವುದು ಇದೇ ಮರದಿಂದ. ಬಾಗುತ್ತದೆ, ಪೆಟ್ಟು ತಡೆಯುತ್ತದೆ, ಬಾಗಿದ್ದು ವಾಪಸ್ ಬರುತ್ತದೆ. ಅಮೆರಿಕದ ಬಿಲ್ಲುಗಾರರು ತುಂಬ ಮೆಚ್ಚುವ ಓಸೇಜ್ ಆರೆಂಜ್ ಮರ ಕೂಡ ಹಿಪ್ಪುನೇರಳೆಯ ಕುಟುಂಬದ್ದೇ. ಚೀನಾದ ಬಿಲ್ಲುಗಾರರು ಎರಡು ಸಾವಿರ ವರ್ಷಗಳ ಹಿಂದೆಯೇ ಬಿಲ್ಲಿನ ಮರಗಳ ಪಟ್ಟಿ ಮಾಡಿದ್ದರು. ಅದರಲ್ಲಿ ಕಾಡು ಹಿಪ್ಪುನೇರಳೆ ಮೇಲಿನ ಸಾಲಿನಲ್ಲಿದೆ, ಬಿದಿರು ಕೊನೆಗೆ ಬರುತ್ತದೆ.

ಮಲೆನಾಡಿನವರಿಗೆ ದಡಸಲು ಇದೆ. ಕೆಲವು ಕಡೆ ತಡಸಲು ಅಂತಾರೆ. ಸಂಸ್ಕೃತದಲ್ಲಿ ಅದಕ್ಕೆ ಧನ್ವನ ಎಂಬ ಹೆಸರಿದೆ, ಹೆಸರಿನಲ್ಲೇ ಬಿಲ್ಲಿದೆ. ಒಣಗಿಸುವ ಕ್ರಮ ಎರಡಕ್ಕೂ ಒಂದೇ.

ಸೊಪ್ಪಿಗಾಗಿ ಪೊದೆಯಂತೆ ಬೆಳೆಸಿದ ಗಿಡದಲ್ಲಿ ಬಿಲ್ಲಿಗೆ ಆಗುವಂಥ ಕಾಂಡ ಸಿಗುವುದಿಲ್ಲ. ನಿಮಗೆ ಬೇಕಾದದ್ದು ಬದುವಿನ ಮೇಲೋ ಹಿತ್ತಲಲ್ಲೋ ಬಿಟ್ಟುಬಿಟ್ಟ ಹಳೇ ಮರ. ಆರಡಿ ನೇರ ಕಾಂಡ, ಹದಿನೈದು ಸೆಂಟಿಮೀಟರ್‌ನಷ್ಟು ದಪ್ಪ ಇದ್ದರೆ ಸಾಕು. ಮರ ಪದ್ಧತಿಯಲ್ಲಿ ಬೆಳೆಸಿದ ತೋಟದಲ್ಲಿ ಕಾಂಡ ನಾಲ್ಕೈದು ಅಡಿಗೇ ಕವಲೊಡೆಯುತ್ತದೆ. ಅಂಥದ್ದು ಸಿಕ್ಕರೂ ಬಿಡಬೇಡಿ. ಮೂರು ಮೂರು ಅಡಿಯ ಎರಡು ತುಂಡು ಒಣಗಿಸಿ, ಆಮೇಲೆ ಹಿಡಿಯ ಜಾಗದಲ್ಲಿ ಜೋಡಿಸಬಹುದು. ಒಂದೇ ಕಾಂಡದಲ್ಲಿ ಅಕ್ಕಪಕ್ಕದ ಸೀಳುಗಳಾದರೆ ಎರಡೂ ತೋಳು ಸಮವಾಗಿ ಬಾಗುತ್ತವೆ.

ತೊಗಟೆಯ ಗೆರೆಗಳನ್ನು ನೋಡಿ. ಅವು ಕಾಂಡವನ್ನು ಹಗ್ಗದಂತೆ ಸುತ್ತಿಕೊಂಡು ಹೋಗಿದ್ದರೆ ಒಳಗಿನ ನಾರೂ ಸುತ್ತಿಕೊಂಡಿರುತ್ತದೆ. ಆ ಮರ ಸೌದೆಗೆ ಇರಲಿ.

ನಿಮ್ಮದೇ ಹೊಲದ ಮರವಾದರೂ ಕಡಿಯುವ ಮೊದಲು ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿಗೂ ಅನ್ವಯಿಸುತ್ತದೆ. ಇನ್ನೊಂದು ಮಾತು: ಈ ಬಿಲ್ಲು ಗುರಿ ಅಭ್ಯಾಸಕ್ಕೆ ಮಾತ್ರ. 1972ರ ವನ್ಯಜೀವಿ ಕಾಯ್ದೆಯ ನಂತರ ನಮ್ಮಲ್ಲಿ ಬೇಟೆಗೆ ಜಾಗವಿಲ್ಲ, ಇರಲೂ ಬಾರದು.

ಕಡಿಯಲು ಒಳ್ಳೆ ಕಾಲ ಡಿಸೆಂಬರ್ ಕೊನೆ, ಜನವರಿ. ನಮ್ಮ ಹಿರಿಯರು ಅಮಾವಾಸ್ಯೆ ಹತ್ತಿರ ಕಡಿದರೆ ಹುಳು ಹಿಡಿಯುವುದಿಲ್ಲ ಅನ್ನುತ್ತಿದ್ದರು. ಚಂದ್ರನಿಗಿಂತ ಕಾಲ ಮುಖ್ಯ ಅನ್ನುವುದು ನನ್ನ ಅನುಭವ. ಜನವರಿಯಲ್ಲಿ ಕಡಿದರೆ ಮುಂದಿನ ನಾಲ್ಕು ತಿಂಗಳು ಒಣ ಹವೆ ಸಿಗುತ್ತದೆ. ಮೊದಲು ತಂಪು, ಆಮೇಲೆ ನಿಧಾನವಾಗಿ ಬಿಸಿಲು. ಮರಕ್ಕೂ ಅದೇ ಕ್ರಮ ಬೇಕು.

ಕಡಿದ ದಿನವೇ ತುದಿ ಮುಚ್ಚಿ

ಈ ಕೆಲಸವನ್ನು ನಾಳೆಗೆ ಇಡಬೇಡಿ. ಮರದ ನಾರುಗಳು ಉದ್ದಕ್ಕೆ ಜೋಡಿಸಿದ ಸಣ್ಣ ಕೊಳವೆಗಳ ಹಾಗೆ. ಅಡ್ಡಕ್ಕೆ ಹೋಗುವುದಕ್ಕಿಂತ ಹತ್ತು ಹದಿನೈದು ಪಟ್ಟು ಬೇಗ ನೀರು ಉದ್ದಕ್ಕೆ ಹರಿಯುತ್ತದೆ. ಗರಗಸ ಹಾಕಿದ ತುದಿ ಅಂದರೆ ಆ ಕೊಳವೆಗಳ ತೆರೆದ ಬಾಯಿ. ತುದಿ ಬೇಗ ಒಣಗಿ ಕುಗ್ಗಲು ನೋಡುತ್ತದೆ, ನಾಲ್ಕು ಬೆರಳು ಒಳಗಿನ ಮರ ಇನ್ನೂ ಉಬ್ಬಿಕೊಂಡೇ ಇರುತ್ತದೆ. ಈ ಜಗ್ಗಾಟದಲ್ಲಿ ತುದಿ ಸೀಳುತ್ತದೆ.

ನನ್ನ ಮೊದಲ ತುಂಡನ್ನು ಮಾರ್ಚ್ ತಿಂಗಳಲ್ಲಿ ತಾರಸಿ ಮೇಲೆ ಬಿಸಿಲಿಗೆ ಇಟ್ಟಿದ್ದೆ. ಬೇಗ ಒಣಗಲಿ ಅಂತ. ಮಧ್ಯಾಹ್ನ ಕೆಳಗಿನ ಕೋಣೆಗೆ ಟಪ್ ಅಂತ ಸದ್ದು ಕೇಳಿಸಿತು, ಹುಣಸೆಕಾಯಿ ಮುರಿದ ಹಾಗೆ. ಮೇಲೆ ಹೋಗಿ ನೋಡಿದರೆ ತುದಿಯಲ್ಲಿ ನಕ್ಷತ್ರದ ಹಾಗೆ ಐದು ಬಿರುಕು. ಸಂಜೆಯ ಹೊತ್ತಿಗೆ ಅದರಲ್ಲೊಂದು ನನ್ನ ಮೊಣಕೈಯಷ್ಟು ಉದ್ದ ಓಡಿತ್ತು. ಐದು ಅಡಿಯ ತುಂಡಿನಲ್ಲಿ ಅಷ್ಟು ಹೋದರೆ ಉಳಿಯುವುದೇನು?

ಅಳತೆಗಿಂತ ಎರಡೂ ಕಡೆ ಒಂದೊಂದು ಗೇಣು ಜಾಸ್ತಿ ಬಿಟ್ಟು ಕಡಿಯಿರಿ. ಗರಗಸ ಕೆಳಗಿಟ್ಟ ಕೂಡಲೇ ಎರಡೂ ತುದಿಗೆ ದಪ್ಪಗೆ ಫೆವಿಕಾಲ್ ಬಳಿಯಿರಿ. ನೀರು ಬೆರೆಸಬೇಡಿ. ಒಂದು ಗಂಟೆ ಬಿಟ್ಟು ಇನ್ನೊಂದು ಕೋಟು. ತುದಿ ಮಾತ್ರವಲ್ಲ, ಪಕ್ಕಕ್ಕೂ ನಾಲ್ಕು ಬೆರಳು ಬರಲಿ. ಉಳಿದ ಆಯಿಲ್ ಪೇಂಟ್, ಕರಗಿಸಿದ ಮೇಣದಬತ್ತಿ ಇವೂ ಆಗುತ್ತವೆ. ಹಸಿ ಮರದ ಮೇಲೆ ಮೇಣ ಕೆಲವೊಮ್ಮೆ ಸಿಪ್ಪೆಯಂತೆ ಏಳುತ್ತದೆ, ಅದಕ್ಕೆ ನನಗೆ ಫೆವಿಕಾಲ್ ಇಷ್ಟ. ದೊಡ್ಡ ಗಂಟುಗಳಿದ್ದರೆ ಅವುಗಳ ಮೇಲೂ ಬಳಿಯಿರಿ, ಅಲ್ಲೂ ನಾರಿನ ಬಾಯಿ ತೆರೆದಿರುತ್ತದೆ.

ಸೀಳುವುದು

ದುಂಡನೆ ಕಾಂಡವನ್ನು ಹಾಗೇ ಒಣಗಿಸಬೇಡಿ. ಮರ ಬೆಳವಣಿಗೆಯ ಉಂಗುರದ ಸುತ್ತ ಕುಗ್ಗುವಷ್ಟು ಉಂಗುರಕ್ಕೆ ಅಡ್ಡವಾಗಿ ಕುಗ್ಗುವುದಿಲ್ಲ. ಸಾಮಾನ್ಯವಾಗಿ ಒಂದು ಇನ್ನೊಂದರ ಎರಡು ಪಟ್ಟು. ಹಾಗಾಗಿ ದುಂಡು ಕಾಂಡ ಎಲ್ಲಾದರೂ ಒಂದು ಕಡೆ ಬಾಯಿ ಬಿಡಲೇಬೇಕು. ಎಲ್ಲಿ ಬಿಡಬೇಕು ಅಂತ ನಾವು ಮೊದಲೇ ತೀರ್ಮಾನಿಸಿದರೆ ಅದು ಸೀಳುವುದು.

ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆ ಹೊಡೆದು ಸೀಳುವುದು ಮೇಲು. ಗರಗಸ ನಾರನ್ನು ಕತ್ತರಿಸಿಕೊಂಡು ಹೋಗುತ್ತದೆ, ಬೆಣೆ ನಾರಿನ ಜೊತೆ ಹೋಗುತ್ತದೆ. ದಪ್ಪ ತುದಿಯ ನಡುವೆ ಕೊಡಲಿಯಿಂದ ಗೆರೆ ಮಾಡಿ, ಕಬ್ಬಿಣದ ಬೆಣೆ ಇಟ್ಟು ಸಮ್ಮಟಿಗೆಯಿಂದ ಹೊಡೆಯಿರಿ. ಬಿರುಕು ಓಡಿದ ಹಾಗೆ ಮುಂದೆ ಇನ್ನೊಂದು ಬೆಣೆ. ಮೊದಲನೆಯದು ಸಡಿಲವಾಗುತ್ತದೆ, ಅದನ್ನು ತೆಗೆದು ಮುಂದೆ ಇಡಿ. ನಡುವೆ ಹಿಡಿದುಕೊಂಡ ಎಳೆಗಳನ್ನು ಕೊಡಲಿಯಿಂದ ಕತ್ತರಿಸಿ. ಎರಡು ಹೋಳು ಮಾಡಿ, ದಪ್ಪ ಇದ್ದರೆ ನಾಲ್ಕು. ಹದಿನೈದು ಸೆಂಟಿಮೀಟರ್ ಕಾಂಡದಿಂದ ನನಗೆ ಎರಡು ಒಳ್ಳೆ ಸೀಳು ಸಿಕ್ಕಿದ್ದೇ ಹೆಚ್ಚು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಹಳೇ ಬೆಣೆಯ ತಲೆಯಿಂದ ಕಬ್ಬಿಣದ ಚೂರು ಹಾರುತ್ತದೆ.

ಹೊಸದಾಗಿ ಸೀಳಿದ ಹಿಪ್ಪುನೇರಳೆಯ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಅರಿಶಿನದ ಹಾಗೆ ಹಳದಿ. ಗಾಳಿ ತಾಗಿ ತಾಗಿ ತಿಂಗಳುಗಳಲ್ಲಿ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡುವುದೇ ಒಂದು ಖುಷಿ.

ತೊಗಟೆ, ಬಿಳಿ ಭಾಗ, ಕುಟ್ಟೆ ಹುಳು

ತೊಗಟೆ ಇಟ್ಟರೆ ಮರ ನಿಧಾನವಾಗಿ ಒಣಗುತ್ತದೆ, ಬೆನ್ನು ಬಿರಿಯುವುದಿಲ್ಲ. ಆದರೆ ತೊಗಟೆಯ ಕೆಳಗೆ ಹುಳು ಮನೆ ಮಾಡುತ್ತದೆ. ನಮ್ಮ ಹವೆಯಲ್ಲಿ ಹುಳುವಿನ ಭಯವೇ ದೊಡ್ಡದು. ಒಂದು ಸೀಳನ್ನು ತೊಗಟೆ ಸಮೇತ ಮಂಚದ ಕೆಳಗೆ ಇಟ್ಟಿದ್ದೆ. ಜುಲೈನಲ್ಲಿ ಗುಡಿಸುವಾಗ ನೆಲದ ಮೇಲೆ ರಾಗಿ ಹಿಟ್ಟಿಗಿಂತ ನುಣುಪಾದ ಹಳದಿ ಪುಡಿಯ ಸಣ್ಣ ಗುಡ್ಡೆ. ಮೇಲೆ ಗುಂಡುಸೂಜಿಯ ತಲೆಯಷ್ಟು ತೂತುಗಳು. ತೊಗಟೆಗೂ ಚೇಗಿಗೂ ನಡುವಿನ ಬಿಳಿ ಭಾಗ ಪೂರ್ತಿ ಕುಟ್ಟೆ ಹಿಡಿದಿತ್ತು, ಚೇಗಿಗೆ ಏನೂ ಆಗಿರಲಿಲ್ಲ. ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಹುಳುವಿಗೆ ಬೇಕಾದದ್ದು ಅದು.

ಈಗ ನಾನು ಕಡಿದ ವಾರದಲ್ಲೇ ತೊಗಟೆ ತೆಗೆಯುತ್ತೇನೆ. ಹಸಿಯಾಗಿರುವಾಗ ಉದ್ದುದ್ದ ಪಟ್ಟಿಯಾಗಿ ಬರುತ್ತದೆ. ಆ ನಾರು ಗಟ್ಟಿ, ಹುರಿ ಮಾಡಲು ಇಟ್ಟುಕೊಳ್ಳಿ. ಬಿಳಿ ಭಾಗ ತೆಳುವಾಗಿದ್ದರೆ ಉಳಿಸಿಕೊಂಡು ಅದನ್ನೇ ಬೆನ್ನು ಮಾಡಬಹುದು. ದಪ್ಪಗಿದ್ದರೆ ಬಾಚಿ ಮತ್ತು ಎರಡು ಹಿಡಿಯ ಕೆತ್ತುಗತ್ತಿಯಿಂದ ಚೇಗಿನವರೆಗೆ ಇಳಿಸಿ. ಬೆನ್ನು ಯಾವುದೇ ಆಗಲಿ, ಉದ್ದಕ್ಕೂ ಒಂದೇ ಉಂಗುರದ ಮೇಲಿರಬೇಕು. ನೀರಾವರಿಯಲ್ಲಿ ಬೆಳೆದ ಮರದಲ್ಲಿ ಉಂಗುರ ಗುರುತಿಸುವುದು ಕಷ್ಟ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ರಂಧ್ರಗಳ ಸಾಲು ಕಾಣುತ್ತದೆ.

ಬಿಳಿ ಭಾಗ ಉಳಿಸಿಕೊಂಡರೆ ಬಿಳಿಗಾರದ (ಬೋರಾಕ್ಸ್) ನೀರು ಹಚ್ಚಿ. ಹತ್ತು ಲೀಟರ್ ನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಪುಡಿ. ಬಿದಿರಿಗೆ ಹಾಕುವುದೂ ಇದೇ ಹದ. ಒಂದು ಸೀಳಿಗೆ ಒಂದು ಲೀಟರ್ ಸಾಕು, ಲೆಕ್ಕ ಇಳಿಸಿಕೊಳ್ಳಿ. ಬ್ರಷ್‌ನಿಂದ ಎರಡು ಮೂರು ಸಲ ಹಚ್ಚಿ. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ, ಅಡುಗೆ ಪಾತ್ರೆಗೆ ತಾಗಿಸಬೇಡಿ.

ನೀರು ಆರಿದ ಮೇಲೆ, ಅಂದರೆ ಮಾರನೇ ದಿನ, ಬೆನ್ನಿಗೆ ಉದ್ದಕ್ಕೂ ಒಂದು ಕೋಟು ಫೆವಿಕಾಲ್ ಅಥವಾ ಅರಗಿನ ಪಾಲಿಶ್ ಹಚ್ಚಿ. ತೊಗಟೆ ಮಾಡುತ್ತಿದ್ದ ಕೆಲಸವನ್ನು ಇದು ಮಾಡುತ್ತದೆ. ನೀರು ಪಕ್ಕದಿಂದ, ಹೊಟ್ಟೆಯಿಂದ ಹೋಗಲಿ. ಬೆನ್ನಿನಿಂದ ಬೇಡ.

ಒರಟಾಗಿ ಕೆತ್ತಿ, ಕಟ್ಟಿ

ಒಂದಂಗುಲ ದಪ್ಪಕ್ಕೆ ಒಂದು ವರ್ಷ ಅನ್ನುವುದು ಮರ ಒಣಗಿಸುವವರ ಹಳೆಯ ಲೆಕ್ಕ. ಮೂರು ಅಂಗುಲದ ಸೀಳಿಗೆ ಮೂರು ವರ್ಷ ಯಾರು ಕಾಯುತ್ತಾರೆ? ಅದಕ್ಕೆ ಹಸಿಯಾಗಿರುವಾಗಲೇ ಮರ ಕಡಿಮೆ ಮಾಡಿಬಿಡಿ. ನನ್ನ ಸೀಳನ್ನು 180 ಸೆಂಟಿಮೀಟರ್ ಉದ್ದ, 5 ಅಗಲ, 4 ದಪ್ಪಕ್ಕೆ ಇಳಿಸಿದ್ದೆ. ಹಿಡಿಯ ಜಾಗ ಮಾತ್ರ ಸ್ವಲ್ಪ ದಪ್ಪ. ಹಸಿ ಹಿಪ್ಪುನೇರಳೆ ಬಾಚಿಗೆ ಬೆಣ್ಣೆಯಂತೆ ಬರುತ್ತದೆ, ಒಣಗಿದ ಮೇಲೆ ಅದೇ ಕೆಲಸಕ್ಕೆ ಎರಡು ಪಟ್ಟು ಬೆವರು. ಕಾಂಡದ ನಡುವಿನ ಬೆಂಡು ಪೂರ್ತಿ ಹೋಗಬೇಕು, ಅದು ಉಳಿದರೆ ಬಿರುಕು ಅಲ್ಲಿಂದಲೇ ಶುರು.

ಇದಕ್ಕಿಂತ ತೆಳು ಮಾಡುವ ಆಸೆ ಬರುತ್ತದೆ. ತಡೆಯಿರಿ. ತೆಳುವಾದಷ್ಟೂ ಬೇಗ ಒಣಗುತ್ತದೆ ನಿಜ, ಆದರೆ ತಿರುಚಿಕೊಂಡರೆ ಸರಿಮಾಡಲು ಮರವೇ ಉಳಿದಿರುವುದಿಲ್ಲ.

ಕೆತ್ತಿದ ಸೀಳನ್ನು ನೇರವಾದ ಗಟ್ಟಿ ಹಲಗೆಗೆ ಕಟ್ಟಿ. ಹಳೇ ಸೈಕಲ್ ಟ್ಯೂಬನ್ನು ಎರಡು ಬೆರಳು ಅಗಲಕ್ಕೆ ಕತ್ತರಿಸಿದರೆ ಅದಕ್ಕಿಂತ ಒಳ್ಳೆ ಪಟ್ಟಿ ಇಲ್ಲ. ಮರ ಕುಗ್ಗಿದರೂ ಟ್ಯೂಬ್ ಬಿಗಿಯಾಗೇ ಇರುತ್ತದೆ, ಹಗ್ಗ ಸಡಿಲವಾಗುತ್ತದೆ. ಹಲಗೆಗೂ ಸೀಳಿಗೂ ನಡುವೆ ಒಂದೊಂದು ಅಡಿಗೆ ಬೆರಳು ದಪ್ಪದ ಚಕ್ಕೆ ಇಡಿ, ಗಾಳಿ ಆಡಲಿ. ಚಕ್ಕೆಗಳೆಲ್ಲ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ಸೀಳು ಅಲೆಯ ಹಾಗೆ ಬಾಗಿ ಒಣಗುತ್ತದೆ.

ಎಲ್ಲಿ ಇಡಬೇಕು

ಮೊದಲ ಮೂರು ವಾರ ಮನೆಯ ಅತಿ ತಣ್ಣನೆಯ, ಗಾಳಿ ಕಡಿಮೆ ಇರುವ ಮೂಲೆಯಲ್ಲಿ. ಮಂಚದ ಕೆಳಗೆ, ಉಗ್ರಾಣದ ನೆಲದಲ್ಲಿ. ಆದರೆ ಸೀಳು ನೆಲಕ್ಕೆ ತಾಗದಿರಲಿ, ಎರಡು ಇಟ್ಟಿಗೆ ಮೇಲಿರಲಿ. ಗೆದ್ದಲಿಗೆ ದಾರಿ ಕೊಡಬಾರದು. ಪ್ಲಾಸ್ಟಿಕ್ ಸುತ್ತಬೇಡಿ, ಎರಡು ದಿನದಲ್ಲಿ ಬೂಷ್ಟು ಬರುತ್ತದೆ. ಫ್ಯಾನ್ ಗಾಳಿ ನೇರವಾಗಿ ಬೇಡ. ಬಿಸಿಲಂತೂ ಬೇಡವೇ ಬೇಡ.

ಮೂರು ವಾರದ ನಂತರ ಗಾಳಿ ಆಡುವ ನೆರಳಿಗೆ ತನ್ನಿ. ಹಾಲ್‌ನ ಗೋಡೆ ಪಕ್ಕ, ಬೀರುವಿನ ಮೇಲೆ. ತಿಂಗಳೂವರೆ ಕಳೆದ ಮೇಲೆ ಅಟ್ಟಕ್ಕೆ ಏರಿಸಬಹುದು.

ಅಟ್ಟ ಅಂದಾಗ ಹಳೇ ಮನೆಗಳು ನೆನಪಿಗೆ ಬರುತ್ತವೆ. ನೇಗಿಲಿಗೆ, ನೊಗಕ್ಕೆ ತಂದ ಮರವನ್ನು ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಿ ಮರೆತುಬಿಡುತ್ತಿದ್ದರು. ಹಿತವಾದ ಬಿಸಿ, ದಿನಾ ಎರಡು ಹೊತ್ತು ಹೊಗೆ. ಮಳೆಗಾಲದಲ್ಲೂ ಒಣಗುತ್ತಿತ್ತು, ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಊರಿನಲ್ಲಿ ಅಂಥ ಒಲೆ ಇನ್ನೂ ಉರಿಯುತ್ತಿದ್ದರೆ, ಅಜ್ಜಿಯನ್ನು ಒಂದು ಮಾತು ಕೇಳಿ ಸೀಳನ್ನು ಅಲ್ಲಿಡಿ. ಆದರೆ ತಿಂಗಳೂವರೆ ಕಳೆದ ಮೇಲೆ.

ತಕ್ಕಡಿ ಮತ್ತು ನೋಟ್‌ಬುಕ್

ಮರಕ್ಕೆ ಸೂಜಿ ಚುಚ್ಚಿ ತೇವ ತೋರಿಸುವ ಮೀಟರ್ ಸಿಗುತ್ತದೆ. ಆದರೆ ಅದು ಸೂಜಿ ಇಳಿದಷ್ಟು ಆಳದ ಸುದ್ದಿ ಮಾತ್ರ ಹೇಳುತ್ತದೆ. ಹೊರಗೆ 10, ಒಳಗೆ 20 ಇರಬಹುದು. ತಕ್ಕಡಿ ಇಡೀ ಸೀಳಿನ ಲೆಕ್ಕ ಕೊಡುತ್ತದೆ. ಐದು ಕೆಜಿವರೆಗೆ ತೂಗುವ, ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಆರಡಿ ಸೀಳು ಅದರ ಅಂಕೆಗಳನ್ನು ಮುಚ್ಚುತ್ತದೆ. ತಟ್ಟೆಯ ಮೇಲೆ ಒಂದು ಬಟ್ಟಲು ಬೋರಲು ಹಾಕಿ, ಸೊನ್ನೆ ಮಾಡಿ, ಅದರ ಮೇಲೆ ಸೀಳನ್ನು ನಡುವೆ ಸರಿಯಾಗಿ ತೂಗಿಸಿ ಇಡಿ. ಟ್ಯೂಬು, ಹಲಗೆ ಬಿಚ್ಚಿ ತೂಗಬೇಕು.

ಗುರಿಯ ತೂಕ ಎಷ್ಟು ಅಂತ ಮೊದಲೇ ಕಂಡುಹಿಡಿಯಬಹುದು. ಒರಟು ಕೆತ್ತನೆ ಮಾಡುವಾಗ ಸೀಳಿನ ನಡುಭಾಗದಿಂದ ಬಿದ್ದ ಹಸಿ ಚಕ್ಕೆಗಳನ್ನು ಕೂಡಲೇ ತೂಗಿ. ತುದಿಯ ಚಕ್ಕೆ ಬೇಡ, ಅದು ಆಗಲೇ ಒಣಗಿರುತ್ತದೆ. ನನ್ನವು 51 ಗ್ರಾಂ ಇದ್ದವು. ಅವನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ಓಟಿಜಿಯಲ್ಲಿ, ಅಂದರೆ ಅಡುಗೆಮನೆಯ ಕರೆಂಟ್ ಓವನ್‌ನಲ್ಲಿ, 100–105 ಡಿಗ್ರಿಗೆ ಇಡಿ. ಪಕ್ಕದಲ್ಲೇ ಇರಿ. ಎರಡು ಗಂಟೆಯ ಮೇಲೆ ಗಂಟೆಗೊಮ್ಮೆ ತೂಗಿ. ಇಳಿಯುವುದು ನಿಂತಾಗ ನನ್ನ ಚಕ್ಕೆಗಳು 30 ಗ್ರಾಂ. ಅಂದರೆ 30 ಗ್ರಾಂ ಮರ, 21 ಗ್ರಾಂ ನೀರು. ತೇವ ಶೇ. 70.

ಈಗ ಇಡೀ ಸೀಳಿಗೆ ಇದೇ ಲೆಕ್ಕ. 3,540ನ್ನು 1.70ರಿಂದ ಭಾಗಿಸಿದರೆ 2,082. ಪೂರ್ತಿ ಒಣಗಿದರೆ ಸೀಳು ಇಷ್ಟು ತೂಗುತ್ತದೆ. ಶೇ. 9 ಬೇಕಾದರೆ 2,082ನ್ನು 1.09ರಿಂದ ಗುಣಿಸಿ, 2,269. ನನ್ನ ಗುರಿ ಅದು. ಸೀಳಿನ ಬೆನ್ನ ಮೇಲೇ ಪೆನ್ಸಿಲ್‌ನಲ್ಲಿ ಬರೆದುಬಿಟ್ಟೆ. ಬಳಿದ ಫೆವಿಕಾಲ್ ತೂಕ ಕೆಲವೇ ಗ್ರಾಂ, ಅದನ್ನು ಮರೆತರೂ ನಡೆಯುತ್ತದೆ.

ನನ್ನ ನೋಟ್‌ಬುಕ್ಕಿನ ಸಾಲುಗಳು ಹೀಗಿವೆ: ಜನವರಿ 21ಕ್ಕೆ 3,540. 28ಕ್ಕೆ 3,190. ಫೆಬ್ರವರಿ 4ಕ್ಕೆ 2,950. 18ಕ್ಕೆ 2,650. ಮಾರ್ಚ್ 4ಕ್ಕೆ 2,470. 25ಕ್ಕೆ 2,330. ಏಪ್ರಿಲ್ 15ಕ್ಕೆ 2,290. 22ಕ್ಕೂ 2,290.

ಮೊದಲ ವಾರ 350 ಗ್ರಾಂ ಹೋಯಿತು. ಅದು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಿ, ಮೇಲೆ ಒಂದು ಹತ್ತಿ ಬೆಡ್‌ಶೀಟ್ ಹೊದಿಸಿದೆ. ಮುಂದಿನ ವಾರ 240ಕ್ಕೆ ಇಳಿಯಿತು. ತಕ್ಕಡಿಯ ನಿಜವಾದ ಉಪಯೋಗ ಇದು. ಬಿರುಕು ಕಣ್ಣಿಗೆ ಬೀಳುವ ಮೊದಲೇ ಅವಸರ ಗೊತ್ತಾಗುತ್ತದೆ. ಸಣ್ಣ ಕೂದಲೆಳೆ ಬಿರುಕು ಕಂಡರೆ ಕೂಡಲೇ ಅದರ ಮೇಲೆ ತೆಳುವಾದ ಫೆವಿಕ್ವಿಕ್ ಇಳಿಸಿ, ಮೇಲೆ ಫೆವಿಕಾಲ್ ಬಳಿದು, ಸೀಳನ್ನು ಇನ್ನೂ ತಣ್ಣನೆ ಜಾಗಕ್ಕೆ ಕಳಿಸಿ.

ಏಪ್ರಿಲ್‌ನಲ್ಲಿ ಎರಡು ಮಾವಿನ ಮಳೆ ಬಿತ್ತು. ಗೋಡೆಯ ಹೈಗ್ರೋಮೀಟರ್ 35ರಿಂದ 60ಕ್ಕೆ ಏರಿತು. ತಕ್ಕಡಿ ನಿಂತಿದ್ದು ಅದಕ್ಕೇ. 2,290 ಅಂದರೆ ಶೇ. 10. ಇದರಲ್ಲೇ ಬಿಲ್ಲು ಮಾಡಬಹುದಿತ್ತು. ಆದರೆ ಇನ್ನು ಗಾಳಿಯ ತೇವ ಏರುತ್ತಲೇ ಹೋಗುತ್ತದೆ, ಒಳಗಿನ ಮರ ಹೊರಗಿನದಕ್ಕಿಂತ ಹಸಿ ಇರುತ್ತದೆ. ಹಾಗಾಗಿ ಬಿಸಿ ಪೆಟ್ಟಿಗೆಗೆ ಹಾಕಿದೆ.

ಬಿಸಿ ಪೆಟ್ಟಿಗೆ

ಕರಾವಳಿ, ಮಲೆನಾಡಿನವರಿಗೆ ಇದು ಬೇಕೇ ಬೇಕು. ಮಳೆಗಾಲದಲ್ಲಿ ಕೆಲಸ ಮಾಡುವ ಎಲ್ಲರಿಗೂ ಬೇಕು.

ಇದರ ಹಿಂದಿನ ಗುಟ್ಟು ಸರಳ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹಿಡಿಯಬಲ್ಲದು. ಮಳೆಗಾಲದ ಮನೆಯ ಗಾಳಿ 28 ಡಿಗ್ರಿ, ತೇವಾಂಶ 80 ಅಂದುಕೊಳ್ಳಿ. ಅದನ್ನೇ 38 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಸುಮಾರು 46ಕ್ಕೆ ಇಳಿಯುತ್ತದೆ. ಅಂಥ ಗಾಳಿಯಲ್ಲಿ ಮರ ಶೇ. 8ಕ್ಕೆ ಬಂದು ನಿಲ್ಲುತ್ತದೆ. ಬರೀ ಹತ್ತು ಡಿಗ್ರಿ! ಸುಡುವ ಬಿಸಿ ಬೇಡವೇ ಬೇಡ.

ಪ್ಲೈವುಡ್‌ನಲ್ಲಿ ಎರಡು ಮೀಟರ್ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಮಾಡಿ. ಥರ್ಮೋಕೋಲ್ ಬೇಡ, ಬಿಸಿಗೆ ಕರಗುತ್ತದೆ, ಬೆಂಕಿ ಹತ್ತುತ್ತದೆ. ಕೆಳಗೆ ಪಿಂಗಾಣಿ ಹೋಲ್ಡರ್‌ನಲ್ಲಿ ಎರಡು ಹಳೇ ಕಾಲದ ತಂತಿಯ ಬಲ್ಬು, 40 ಅಥವಾ 60 ವಾಟ್. ಎಲ್‌ಇಡಿ ಬಲ್ಬು ಸಾಕಷ್ಟು ಬಿಸಿ ಕೊಡುವುದಿಲ್ಲ. ಬಲ್ಬಿನಿಂದ ಸೀಳಿಗೆ ಕನಿಷ್ಠ ಒಂದು ಗೇಣು ಅಂತರ ಇರಬೇಕು. ಗೋಡೆಗಳಿಂದ ದೂರ ಇರುವಂತೆ ಬಲ್ಬನ್ನು ಅಗಲದ ನಡುವೆ ಕೂರಿಸಿ. ಸೀಳು ಮೇಲ್ಗಡೆ ಎರಡು ಕಬ್ಬಿಣದ ಸರಳಿನ ಮೇಲೆ ಮಲಗಲಿ. ಬಲ್ಬಿನ ನೇರಕ್ಕೆ ಬರುವ ಕಡೆ ತಗಡಿನ ತುಂಡು ಅಡ್ಡ ಇಡಿ, ಒಂದೇ ಜಾಗಕ್ಕೆ ಶಾಖ ಹೊಡೆಯಬಾರದು. ಕೆಳಗೆ ನಾಲ್ಕು, ಮೇಲೆ ನಾಲ್ಕು ತೂತು, ಹೆಬ್ಬೆರಳು ಹೋಗುವಷ್ಟು. ತೂತಿಲ್ಲದ ಪೆಟ್ಟಿಗೆ ಇಡ್ಲಿ ಪಾತ್ರೆ ಆಗುತ್ತದೆ, ಮರ ಒಣಗುವುದಿಲ್ಲ.

ಒಳಗೆ ಹೈಗ್ರೋಮೀಟರ್ ಇಟ್ಟು ನೋಡಿ. 40 ಡಿಗ್ರಿ ದಾಟಿದರೆ ಒಂದು ಬಲ್ಬು ಆರಿಸಿ. ತೇವಾಂಶ 40ಕ್ಕಿಂತ ಕೆಳಗೆ ಇಳಿದರೆ ಮುಚ್ಚಳ ಸ್ವಲ್ಪ ಸರಿಸಿ ಬಿಸಿ ಕಡಿಮೆ ಮಾಡಿ. ಮನೆಯಲ್ಲಿ ಯಾರೂ ಇಲ್ಲದಾಗ, ರಾತ್ರಿ ಮಲಗುವಾಗ ಆರಿಸಿಬಿಡಿ. ಹಗಲು ಹತ್ತು ಗಂಟೆ ಉರಿದರೆ ಸಾಕು.

ಒಂದು ಎಚ್ಚರಿಕೆ. ಹಸಿ ಸೀಳನ್ನು ಇದರಲ್ಲಿ ಹಾಕಲೇಬೇಡಿ. ತಕ್ಕಡಿಯ ಪ್ರಕಾರ ಶೇ. 15ಕ್ಕೆ ಇಳಿದ ಮೇಲೆ ಮಾತ್ರ. ನನ್ನ ಸೀಳಿನ ಲೆಕ್ಕದಲ್ಲಿ ಅದು 2,394 ಗ್ರಾಂ. ಅದಕ್ಕಿಂತ ಮೊದಲು ಹಾಕಿದರೆ ಹೊರಗಿನ ಪದರ ಕುಗ್ಗಿ ಬಿಗಿಯಾಗುತ್ತದೆ, ಒಳಗಿನ ನೀರು ಒಳಗೇ ಉಳಿದು ಮರ ಬಿರಿಯುತ್ತದೆ.

ಹತ್ತು ದಿನದಲ್ಲಿ ನನ್ನ ಸೀಳು 2,250ಕ್ಕೆ ಬಂತು. ಹೊರಗೆ ತೆಗೆದು ಒಂದು ವಾರ ಸುಮ್ನೆ ಕೋಣೆಯಲ್ಲಿಟ್ಟೆ. ಒಳಗೂ ಹೊರಗೂ ತೇವ ಸಮ ಆಗಲು ಆ ಬಿಡುವು ಬೇಕು. 2,260ಕ್ಕೆ ಏರಿ ನಿಂತಿತು. ಶೇ. 8.5.

ಕೆತ್ತಲು ಕೂತಾಗ

ಕೆತ್ತುವ ಮೊದಲು ತಕ್ಕಡಿ ಹೇಳಿದ್ದನ್ನು ಕಿವಿಯಿಂದಲೂ ಪರೀಕ್ಷಿಸಿ. ಸೀಳಿನ ನಡುವನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಗೆಣ್ಣಿನಿಂದ ತಟ್ಟಿ. ಹಸಿ ಮರ ದಬ್ ಅನ್ನುತ್ತದೆ. ಒಣಗಿದ್ದು ಟಣ್ ಅಂತ ಸ್ವರ ಕೊಡುತ್ತದೆ. ಜನವರಿಯಿಂದ ಪ್ರತಿ ವಾರ ತಟ್ಟಿ ನೋಡಿದವರಿಗೆ ಈ ವ್ಯತ್ಯಾಸ ಮರೆಯುವುದೇ ಇಲ್ಲ.

ಕೆಲಸ ಮಳೆಗಾಲಕ್ಕೆ ಹೋದರೆ, ಆ ದಿನದ ಕೆತ್ತನೆ ಮುಗಿದ ಕೂಡಲೇ ಸೀಳನ್ನು ಪೆಟ್ಟಿಗೆಗೆ ವಾಪಸ್ ಹಾಕಿ. ತೆಳುವಾದ ಮರ ಬಹಳ ಬೇಗ ನೀರು ಕುಡಿಯುತ್ತದೆ. ಬಿಲ್ಲನ್ನು ಮೊದಲ ಸಲ ಬಾಗಿಸುವ ದಿನ ಬೆಳಗ್ಗೆ ಒಮ್ಮೆ ತೂಗಿ, ರಾತ್ರಿ ಇಟ್ಟಾಗಿನ ತೂಕಕ್ಕೆ ಹೋಲಿಸಿ. ನೂರು ಗ್ರಾಂಗೆ ಒಂದು ಗ್ರಾಂಗಿಂತ ಜಾಸ್ತಿ ಏರಿದ್ದರೆ ಅಂದು ಬಾಗಿಸಬೇಡಿ, ಇನ್ನೆರಡು ದಿನ ಪೆಟ್ಟಿಗೆಯಲ್ಲಿಡಿ.

ಬಿಲ್ಲು ಮುಗಿದ ಮೇಲೆ ಅರಗಿನ ಪಾಲಿಶ್ ನಾಲ್ಕು ಕೋಟು, ಮೇಲೆ ಜೇನುಮೇಣ. ಇದು ತೇವವನ್ನು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಹೆದೆ ಬಿಚ್ಚಿ, ಎರಡು ಗೂಟದ ಮೇಲೆ ಅಡ್ಡ ಮಲಗಿಸಿ, ಹೊರಗೋಡೆಯಿಂದ ದೂರ ಇಡಿ. ನನ್ನದನ್ನು ಪುಸ್ತಕದ ಕಪಾಟಿನ ಮೇಲಿಟ್ಟಿದ್ದೇನೆ, ಪಕ್ಕದಲ್ಲೇ ಅದೇ ಹಳೇ ಹೈಗ್ರೋಮೀಟರ್. ಈಗ ಆಗಸ್ಟ್, ಅದು 74 ತೋರಿಸುತ್ತಿದೆ. ಎರಡು ದಿನ ಪೆಟ್ಟಿಗೆಯಲ್ಲಿಟ್ಟು ತೆಗೆದ ಮೇಲೆಯೇ ನಾನು ಹೆದೆ ಏರಿಸುವುದು.